ಅಪ್ಪ ಕೇಳಿ ಪಡೆದ ಚೀಟಿ

ಚನ್ನರಾಯಪಟ್ಟಣದಲ್ಲಿ ನಮ್ಮಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನುಷ್ಯ. ನಲವತ್ತು ದಾಟುತ್ತಿದ್ದಂತೆ ಕಾಲು ಅವರ ಹಿಡಿತಕ್ಕೆ ಸಿಗದಾಯಿತು. ಬೀದಿಯಲ್ಲಿ ತೂರಾಡುತ್ತಿದ್ದರು, ಮಾತೂ ತೊದಲುತ್ತಿತ್ತು. 'ಬೆಳಗ್ಗೇನೇ ಏರಿಸ್ಬುಟ್ಟವ್ನೆ' ಎಂದು ಸಂತೆಯಲ್ಲಿ ಜನ ನಕ್ಕರು. ಅಪ್ಪ ಸಂತೆಗೆ ಹೋಗುವುದನ್ನೇ ಬಿಟ್ಟರು. ತಾತನೂ ಹೀಗೇ ತೂರಾಡಿ, ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಇದು ಯಾರದೋ ಶಾಪವೆಂದು ಅವ್ವ ನಂಬಿದ್ದಳು.

ನನಗೆ ಹದಿನೇಳಾದಾಗ ನಾನೂ ಎಡವತೊಡಗಿದೆ. ಬಾವಿಕಟ್ಟೆಯ ಮೆಟ್ಟಿಲು ತಪ್ಪಿ ತುಂಬಿದ ಕೊಡದೊಂದಿಗೆ ಬಿದ್ದ ದಿನ ಅವ್ವ ಗದರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು. ಮಾರನೆಯ ಬೆಳಿಗ್ಗೆಯೇ ಅಪ್ಪ ನನ್ನನ್ನು ಕರೆದುಕೊಂಡು ಹಾಸನದ ಆಸ್ಪತ್ರೆಗೆಂದು ಬಸ್ಸು ಹತ್ತಿದರು.

ಅಲ್ಲಿನ ವಯಸ್ಸಾದ ಡಾಕ್ಟರು ತಾತನ ವಿಷಯವನ್ನೂ ಕೇಳಿಕೊಂಡು, ಮೊದಲು ಅಪ್ಪನಿಗೆ ಕಣ್ಣು ಮುಚ್ಚಿ ಮೂಗು ಮುಟ್ಟಲು ಹೇಳಿದರು. ಬೆರಳು ಕೆನ್ನೆಗೆ ಹೋಯಿತು. ನನ್ನ ಬೆರಳು ಮೂಗಿಗೇ ಹೋಯಿತು. ನೆಲದ ಗೆರೆಯ ಮೇಲೆ ನಡೆಸಿದರು, ನಡೆದೆ. ಆಮೇಲೆ ಗೋಡೆ ತೋರಿಸಿ, "ಆ ಕ್ಯಾಲೆಂಡರ್ ಓದಮ್ಮ" ಎಂದರು. ನನಗೆ ಕಂಡದ್ದು ಬರೀ ಮಸುಕು.

"ನಿನ್ನ ಕಾಲಿಗೇನೂ ಆಗಿಲ್ಲ. ಕನ್ನಡಕ ಬೇಕು, ಅಷ್ಟೇ."

ಅಪ್ಪ ಕುರ್ಚಿಯ ತೋಳು ಬಿಗಿಯಾಗಿ ಹಿಡಿದು ಕೇಳಿದರು: "ಮುಂದೆ ಬತ್ತದಾ ಸ್ವಾಮಿ, ಇವಳ್ಗೆ?"

"ಖಂಡಿತ ಬರಲ್ಲ ಅಂತ ಹೇಳಲಾರೆ. ಆದರೆ ಎಲ್ಲ ಮಕ್ಕಳಿಗೂ ಬರಲ್ಲ. ಈಗಂತೂ ಅದರ ಗುರುತೇ ಇಲ್ಲ. ನಿಮ್ಮದು ತಂದೆಯಿಂದ ಬಂದಿರೋ ನರದ ಕಾಯಿಲೆ ಯಜಮಾನ್ರೇ, ಶಾಪ ಅಲ್ಲ. ಔಷಧ ಇಲ್ಲ, ನಿಧಾನವಾಗಿ ಹೆಚ್ಚುತ್ತೆ. ಬುದ್ಧಿ ನೆಟ್ಟಗಿರುತ್ತೆ. ಕೋಲು ಹಿಡಿದು ದಿನಾ ನಡೀರಿ. ನೀರು ನೆತ್ತಿಗೇರದ ಹಾಗೆ ಗದ್ದ ಬಗ್ಗಿಸಿ, ಗುಟುಕು ಗುಟುಕಾಗಿ ಕುಡೀರಿ."

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅಂಗಾರೆ... ನಾನು ಕುಡುಕ ಅಲ್ಲ ಅಂತ ಒಂದ್ ಚೀಟಿ ಬರ್ಕೊಡ್ತೀರಾ?"

ಡಾಕ್ಟರು ನಗಲಿಲ್ಲ. ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ರುಜು ಹಾಕಿಕೊಟ್ಟರು.

ಮುಂದಿನ ಸಂತೆಗೆ ಅಪ್ಪ ಕೋಲು ಹಿಡಿದು, ಹೊಸ ಕನ್ನಡಕ ಹಾಕಿದ್ದ ನನ್ನ ಭುಜದ ಆಸರೆಯಲ್ಲಿ ಹೋದರು. ಕೊಬ್ಬರಿ ಮಂಡಿಯ ಹಿರಿಯರೊಬ್ಬರು ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಹಿಂದೆ ನಕ್ಕಿದ್ದವನೊಬ್ಬ ಕೂತಿದ್ದ ಮೂಟೆಯಿಂದ ಎದ್ದು, "ಬನ್ನಿ ಅಣ್ಣ, ಕುಂತ್ಕಳಿ" ಎಂದ. ಅಪ್ಪ ಕೂತರು. ಅಂದು ಮಧ್ಯಾಹ್ನದವರೆಗೂ ಅವರು ಮನೆಗೆ ಹೊರಡುವ ಮಾತೇ ಆಡಲಿಲ್ಲ.

ಆಮೇಲೆ ಅವರು ಒಂಬತ್ತು ವರ್ಷ ಬದುಕಿದರು. ಕೊನೆಯ ಎರಡು ವರ್ಷ ಮಲಗಿದಲ್ಲೇ ಇದ್ದರೂ ರಜೆಗೆ ಬಂದ ನನ್ನ ಪುಟ್ಟ ಮಕ್ಕಳಿಗೆ ತೊದಲುತ್ತಲೇ ಮಗ್ಗಿ ಹೇಳಿಕೊಟ್ಟರು. ಅವರಿಗೆ ಕಾಯಿಲೆ ಶುರುವಾದ ವಯಸ್ಸನ್ನು ನಾನು ದಾಟಿ ಎಷ್ಟೋ ಕಾಲವಾಯಿತು. ಈಗಲೂ ನಾನು ಮದುವೆಯಾಗಿ ಬಂದ ಹೊಳೆನರಸೀಪುರದ ಮನೆಯಿಂದ ಹೊಳೆಯವರೆಗೆ ಒಬ್ಬಳೇ ನಡೆದುಹೋಗುತ್ತೇನೆ.