ಗಿಡಗಳಿಗೆಂದು ಹಾಡಿದ್ದು

ಇಲ್ಲಿ ಬರೆಯುವುದರಲ್ಲಿ ಒಂದೆರಡು ಸಂಗತಿ ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಮ್ಮನ ಮನೆಯ ನಡುಮನೆಯಲ್ಲಿ ಹೆಚ್ಚಾಗಿದ್ದದ್ದು ಬಿಗೋನಿಯಾ ಎಂದು ನನ್ನ ನೆನಪು. ಅವಳು ಕ್ರೋಟನ್ ಎನ್ನುತ್ತಾಳೆ. ಸಸ್ಯಶಾಸ್ತ್ರ ಓದಿದವಳು ನಾನು, ನನ್ನ ಮಾತೇ ನಡೆಯಬೇಕಿತ್ತು. ಆದರೆ ಮನೆ ಅವಳದು.

ಇದೆಲ್ಲ ಈಗ ನೆನಪಾದದ್ದು ಫರ್ಜಾನಾ ಅವರಿಂದ. ಸೊರಬದಲ್ಲಿ ನಾನಿರುವ ಮನೆಯ ಮಹಡಿಯಲ್ಲಿ ಅವರು ಬಟ್ಟೆ ಹೊಲಿಯುತ್ತಾರೆ. ಹೋದ ವಾರ ರವಿಕೆ ತರಲು ಹತ್ತಿ ಹೋದರೆ, ಕಿಟಕಿಯ ಬಳಿಯ ಮನಿ ಪ್ಲಾಂಟಿನ ಕುಂಡಕ್ಕೆ ಮೊಬೈಲ್ ಒರಗಿಸಿಟ್ಟು ಕೊಳಲು ಹಚ್ಚಿದ್ದರು. ಸಂಗೀತ ಕೇಳಿಸಿದರೆ ಗಿಡ ಚೆನ್ನಾಗಿ ಬರುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿದ್ದರಂತೆ. ನಿಜವೇ ಎಂದು ನನ್ನನ್ನು ಕೇಳಿದರು. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ಶಬ್ದವೆಂದರೆ ಕಂಪನ, ಕಂಪನಕ್ಕೆ ಗಿಡ ಸ್ಪಂದಿಸಲೂಬಹುದು, ಆದರೆ ಅದು ಸಂಗೀತ ಅಂತ ಗಿಡಕ್ಕೆ ತಿಳಿಯುತ್ತದೆ ಎನ್ನಲು ಆಧಾರ ಸಾಲದು ಎಂದೇನೋ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಇರ್ಲಿ ಬಿಡಿ ಮೇಡಂ, ಮಷೀನ್ ಸದ್ದು ಕೇಳಿ ಕೇಳಿ ಅದಕ್ಕೂ ಸಾಕಾಗಿರುತ್ತೆ" ಎಂದು ಕೊಳಲಿನ ಸದ್ದನ್ನು ಇನ್ನಷ್ಟು ಏರಿಸಿದರು.

ಗಿಡಗಳ ಹೆಸರಿನಲ್ಲಿ ಸಂಗೀತ ನಡೆದ ಇನ್ನೊಂದು ಮನೆ ನನಗೆ ಗೊತ್ತು. ಅದು ಶಿಕಾರಿಪುರದಲ್ಲಿರುವ ನನ್ನ ಚಿಕ್ಕಮ್ಮನ ಮನೆ. ಡಿಗ್ರಿ ಓದುವಾಗ ನಾನು ಅಲ್ಲೇ ಇದ್ದೆ. ಚಿಕ್ಕಮ್ಮ ಹಳ್ಳಿಯೊಂದರ ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಅವಳ ಮಾವನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಅವರನ್ನು ನಾನು ಅಜ್ಜ ಎನ್ನುತ್ತಿದ್ದೆ. ಚಿಕ್ಕಪ್ಪನೂ ಅದೇ ಅಂಗಡಿಯಲ್ಲಿರುತ್ತಿದ್ದ. ಮಧ್ಯಾಹ್ನ ಮಾತ್ರ ಮನೆಗೆ ಬಂದು, ಉಂಡು, ಅಜ್ಜನ ಊಟದ ಡಬ್ಬಿ ಒಯ್ಯುತ್ತಿದ್ದ. ಹಗಲಿಡೀ ಮನೆಯಲ್ಲಿರುತ್ತಿದ್ದವರು ಚಿಕ್ಕಮ್ಮನ ಅತ್ತೆ ಒಬ್ಬರೇ, ಅವರೂ ಅವರ ಗಿಡಗಳೂ. ಯಾರ ಮನೆಗೆ ಹೋದರೂ ಬರುವಾಗ ಒಂದು ತುಂಡು ರೆಂಬೆ ಮುರಿದುಕೊಂಡು, ಒದ್ದೆ ಕರ್ಚೀಫಿನಲ್ಲಿ ಸುತ್ತಿ ತರುವುದು ಅವರ ಅಭ್ಯಾಸ. ಬಣ್ಣದ ಡಬ್ಬಿ, ಒಡೆದ ಕೊಡ, ಅಂಗಡಿಯಲ್ಲಿ ನಗ್ಗಿ ಮಾರಾಟವಾಗದ ಪಾತ್ರೆ, ಎಲ್ಲದರಲ್ಲೂ ಒಂದೊಂದು ಗಿಡ. ಮಾತು ಕಡಿಮೆಯ ಹೆಂಗಸು. ನನ್ನೊಡನೆ ಅವರು ಆಡಿದ ಒಂದು ಪೂರ್ತಿ ವಾಕ್ಯವೂ ಈಗ ನೆನಪಿಲ್ಲ.

ನಾನು ಎರಡನೇ ವರ್ಷದಲ್ಲಿದ್ದಾಗ ಅವರು ತೀರಿಕೊಂಡರು. ವರ್ಷ ತುಂಬುವವರೆಗೆ ಹಬ್ಬವಿಲ್ಲ, ಹಾಡಿಲ್ಲ ಎಂದು ಅಜ್ಜ ಹೇಳಿದರು. ಅದರಲ್ಲಿ ಅವರು ಬಹಳ ಕಟ್ಟುನಿಟ್ಟು. ಟಿವಿಯಲ್ಲಿ ವಾರ್ತೆ ನೋಡಬಹುದಿತ್ತು. ಜಾಹೀರಾತು ಬಂದ ಕೂಡಲೇ, ಅದರಲ್ಲಿ ಹಾಡಿರುತ್ತದೆಂದು ರಿಮೋಟ್ ಒತ್ತಿ ಸದ್ದಡಗಿಸುತ್ತಿದ್ದರು. ಸಾಬೂನು, ಚಹಾಪುಡಿ, ಸಿಮೆಂಟು ಎಲ್ಲವೂ ಆ ವರ್ಷ ನಮ್ಮ ಮನೆಯಲ್ಲಿ ಮೂಕವಾಗಿ ಹಾದುಹೋದವು.

ಕಷ್ಟಕ್ಕೆ ಬಂದದ್ದು ಚಿಕ್ಕಮ್ಮನಿಗೆ. ಅವಳ ತವರು ಸೊರಬ. ಅಲ್ಲಿಯ ಮೇಷ್ಟ್ರೊಬ್ಬರ ಹತ್ತಿರ ಸಂಗೀತ ಕಲಿತಿದ್ದಳು. ಸೀನಿಯರ್ ಪರೀಕ್ಷೆ ಒಮ್ಮೆ ಮದುವೆಯಿಂದ ತಪ್ಪಿತ್ತು, ಇನ್ನೊಮ್ಮೆ ವರ್ಗಾವಣೆಯಿಂದ. ಈ ಸಲ ಬರೆಯದಿದ್ದರೆ ಇನ್ನು ಆ ಸುದ್ದಿಗೇ ಹೋಗುವುದಿಲ್ಲ ಎಂದು ನನಗೆ ಹೇಳಿದ್ದಳು. ಪರೀಕ್ಷೆಯಲ್ಲಿ ಹಾಡಿ ತೋರಿಸಬೇಕು, ಹಾಡಲು ಅಭ್ಯಾಸ ಬೇಕು, ಅಭ್ಯಾಸಕ್ಕೆ ಬಾಯಿ ತೆರೆಯಬೇಕು. ಶ್ರುತಿಪೆಟ್ಟಿಗೆ ಕಪಾಟಿನಲ್ಲಿ ಸೀರೆಗಳ ಕೆಳಗೆ ಹೋಯಿತು. ಚಪಾತಿ ಲಟ್ಟಿಸುವಾಗ ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಅದೇ ಹೊತ್ತಿಗೆ ಗಿಡಗಳು ಹಳದಿಯಾಗತೊಡಗಿದವು. ಕಾರಣ ಸರಳ ಎಂದು ಈಗ ನನಗನಿಸುತ್ತದೆ. ಬೆಳಿಗ್ಗೆ ಎದ್ದ ಅಜ್ಜ ಕುಂಡಕ್ಕೊಂದು ಚೊಂಬು ನೀರು ಹಾಕುತ್ತಿದ್ದರು. ಮಧ್ಯಾಹ್ನ ಚಿಕ್ಕಪ್ಪ, ಸಂಜೆ ಚಿಕ್ಕಮ್ಮ. ನಡುವೆ ನಾನೂ. ಸತ್ತವರ ಗಿಡ ಒಣಗಬಾರದೆಂದು ಒಬ್ಬೊಬ್ಬರೂ ಇನ್ನೊಬ್ಬರಿಗೆ ಹೇಳದೆ ನೀರು ಹೊಯ್ದೆವು, ಬೇರು ಕೊಳೆಯಿತು. ಬೇರುಗಳ ಮೇಲೆ ಅದೇ ವರ್ಷ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದಿದ್ದ ನನಗೆ ಇದು ಹೊಳೆದದ್ದು ಬಹಳ ವರ್ಷಗಳ ನಂತರ.

ಒಂದು ಸಂಜೆ ಅಜ್ಜ ಉದುರಿದ ಎಲೆಗಳನ್ನು ಅಂಗೈಯಲ್ಲಿಟ್ಟುಕೊಂಡು, ಇವಕ್ಕೇನು ಕಡಿಮೆಯಾಗಿದೆ ಎಂದು ಕೇಳಿದರು. ಚಿಕ್ಕಪ್ಪ ಊಟದ ಡಬ್ಬಿ ತೊಳೆಯುತ್ತಿದ್ದ. ತಲೆ ಎತ್ತದೆ ಹೇಳಿದ:

"ಅವ್ವ ನೀರು ಹಾಕೋವಾಗ ಹಾಡ್ತಿದ್ಲು. ಈಗ ಯಾರೂ ಹಾಡಲ್ಲ."

"ಹಾಡ್ತಿದ್ಲಾ? ನಾ ಒಂದಿನನೂ ಕೇಳಿಲ್ಲಲ್ಲೋ."

"ನೀವು ಅಂಗಡೀಲಿರ್ತಿದ್ರಿ, ಅಪ್ಪಾ. ನಾ ಮಧ್ಯಾಹ್ನ ಬಂದಾಗ ಕೇಳೀನಿ."

ಯಾವ ಹಾಡು ಎಂದು ಅಜ್ಜ ಕೇಳಿದರು. ಪದ ತಿಳಿಯುತ್ತಿರಲಿಲ್ಲ, ಬರೀ ದನಿ ಎಂದ ಚಿಕ್ಕಪ್ಪ. ಅಜ್ಜ ಎಲೆಗಳನ್ನು ಒಂದು ಕುಂಡಕ್ಕೆ ಹಾಕಿ ಒಳಗೆ ಹೋದರು. ಮರುದಿನವೋ ಅದರ ಮರುದಿನವೋ, ಅಂಗಡಿಗೆ ಹೊರಟವರು ಬಾಗಿಲಲ್ಲಿ ನಿಂತು ಚಿಕ್ಕಮ್ಮನನ್ನು ಕರೆದು, "ಸಂಜೆ ಗಿಡದ ಮುಂದೆ ಕೂತು ಹಾಡಮ್ಮ. ನೀರು ಮಾತ್ರ ನಾನೇ ಹಾಕ್ತೀನಿ, ಮತ್ಯಾರೂ ಮುಟ್ಟಬ್ಯಾಡ್ರಿ" ಎಂದರು.

ಹೀಗೆ ವರ್ಷ ತುಂಬುವ ಮೊದಲೇ ಆ ಮನೆಯಲ್ಲಿ ಸಂಗೀತ ಶುರುವಾಯಿತು. ಚಿಕ್ಕಮ್ಮ ಕುಂಡಗಳಿಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಕೂರುತ್ತಿದ್ದಳು. ಅಜ್ಜ ಅಂಗಡಿಯನ್ನು ಮಗನಿಗೆ ಬಿಟ್ಟು ಬೇಗ ಬರತೊಡಗಿದರು. ಒಂದೇ ಸಾಲನ್ನು ಅವಳು ಮತ್ತೆ ಮತ್ತೆ ತಿದ್ದಿ ಹಾಡುವುದು ಕೇಳಿ, ಗಿಡಕ್ಕೆ ಮುಂದಿನ ಸಾಲು ಯಾವಾಗ ಎಂದು ನನ್ನ ಕಿವಿಯಲ್ಲಿ ಕೇಳಿದ್ದರು. ಗಿಡಗಳು ಚಿಗುರಿದವು. ದಿನಕ್ಕೆ ಒಂದೇ ಚೊಂಬು ನೀರು ಬೀಳತೊಡಗಿದ ಮೇಲೆ ಅವು ಚಿಗುರಲೇಬೇಕಿತ್ತು ಎಂಬುದು ನನ್ನ ವಾದ. ಚಿಕ್ಕಮ್ಮ ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಬರೆದು ಪಾಸಾದಳು.

ಇಲ್ಲಿಗೇ ನಿಲ್ಲಿಸಿದರೆ ಇದು ಸುಖದ ಕತೆ. ಆದರೆ ಅಜ್ಜ ಆಮೇಲೆ ಬದುಕಿದ್ದಷ್ಟು ವರ್ಷವೂ ಒಂದು ಮಾತು ಬಿಡಲಿಲ್ಲ. ನೆಂಟರು ಬಂದರೆ ಗಿಡ ತೋರಿಸಿ, ಇವುಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎನ್ನುತ್ತಿದ್ದರು. ಅಷ್ಟು ವರ್ಷ ಸಂಸಾರ ಮಾಡಿ ಹೆಂಡತಿಯ ಹಾಡು ಕೇಳದೆ ಹೋದೆನಲ್ಲ ಎಂಬುದು ಅವರ ಕೊರಗು. ಆ ಕೊರಗು ಇಟ್ಟುಕೊಂಡೇ ಅವರೂ ಹೋದರು. ಚಿಕ್ಕಪ್ಪ ಹೇಳಿದ್ದು ನಿಜವಾಗಿದ್ದರೆ, ಅವನು ತಂದೆಗೆ ತಿಳಿಸಬೇಕಾದದ್ದನ್ನು ತಿಳಿಸಿದ. ಹೆಂಡತಿಯ ಪರೀಕ್ಷೆಗಾಗಿ ಕಟ್ಟಿ ಹೇಳಿದ್ದಾದರೆ, ಇಲ್ಲದ ನಷ್ಟವೊಂದನ್ನು ತಂದೆಯ ತಲೆಗೆ ಕಟ್ಟಿದ.

ಈ ಭಾನುವಾರ ಶಿಕಾರಿಪುರಕ್ಕೆ ಹೋಗಿದ್ದೆ. ಚಿಕ್ಕಮ್ಮ ಈಗ ರಜೆಯ ದಿನ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಪಾಠ ಮುಗಿಸಿ ಅಡುಗೆಮನೆಗೆ ಬಂದವಳಿಗೆ, ಆ ಮಾತು ನಿಜವೇ ಎಂದು ಚಿಕ್ಕಪ್ಪನನ್ನು ಎಂದಾದರೂ ಕೇಳಿದ್ದೀಯಾ ಎಂದೆ. ಅವಳು ಚಹಾದ ಪಾತ್ರೆ ಒಲೆಗಿಟ್ಟಳು. "ಹೆಂಗೆ ಕೇಳೋದು ಮಾರಾಯ್ತಿ? ಸುಳ್ಳು ಅಂದ್ಬಿಟ್ರೆ ನಾ ಹಾಡಿದ್ದೆಲ್ಲ ಏನಾಗ್ಬೇಕು?"

ಆಧಾರವಿಲ್ಲದ್ದನ್ನು ಒಪ್ಪದಿರುವುದು ನನ್ನ ಕಸುಬು ಎಂದುಕೊಂಡಿದ್ದೇನೆ. ನಡುಮನೆಗೆ ಬಂದೆ. ಚಿಕ್ಕಪ್ಪ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ. ಎದುರಿಗೆ ಕೂತು ನಾನೂ ಒಂದು ಗಡ್ಡೆ ಬಿಡಿಸಿದೆ.

"ಚಿಕ್ಕಪ್ಪಾ, ಅಜ್ಜಿ ನಿಜವಾಗ್ಲೂ ಹಾಡ್ತಿದ್ರಾ?"

ಅವನ ಕೈ ನಿಂತಿತು. ಒಳಗೆ ಲೋಟಗಳ ಸದ್ದೂ ನಿಂತಿತು. ಚಿಕ್ಕಪ್ಪ ನನ್ನನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲನ್ನು ನೋಡಿದ. ಆಮೇಲೆ ಇನ್ನೊಂದು ಎಸಳು ತೆಗೆದುಕೊಂಡು, ಸಿಪ್ಪೆ ಸ್ವಲ್ಪವೂ ಉಳಿಯದಂತೆ ನಿಧಾನವಾಗಿ ಸುಲಿಯತೊಡಗಿದ. ನಾನು ಎರಡನೇ ಸಲ ಕೇಳಲಿಲ್ಲ.