ಹದಿನೇಳರ ಮಗ್ಗಿ

ಕಿವಿಯ ಮಿಷನ್ನಿನ ಬ್ಯಾಟರಿ ಸಾಯುವ ಮುಂಚೆ ನಾಲ್ಕು ಸಲ ಕುಂಯ್‌ಗುಡುತ್ತದೆ. ಮೊನ್ನೆ ಅದು ಸಾಯಲು ಆರಿಸಿಕೊಂಡ ಗಳಿಗೆ ನೋಡಿ: ಶಿರಸಿಯ ನಮ್ಮ ಬಾಡಿಗೆ ಮನೆಯಲ್ಲಿ ಸಂಡಿಗೆ ಡಬ್ಬ ಇಳಿಸಲೆಂದು ಸ್ಟೂಲು ಹತ್ತಿ ಅಟ್ಟದತ್ತ ಎರಡೂ ಕೈ ಚಾಚಿದ್ದೆ. ಮನೆಯವರು ಪೇಟೆಗೆ ಹೋಗಿದ್ದರು. ಕುದಿಯುತ್ತಿದ್ದ ಬೇಳೆ, ಫ್ಯಾನು, ಹೊರಗಿನ ರಸ್ತೆ ಎಲ್ಲ ಒಮ್ಮೆಗೇ ಬಾಯಿ ಮುಚ್ಚಿಕೊಂಡವು. ಸ್ಟೂಲು ಅಲ್ಲಾಡುತ್ತಿದೆ ಎಂದುಕೊಂಡೆ. ಅಲ್ಲಾಡುತ್ತಿದ್ದುದು ನಾನು.

ಕಿವಿಗೂ ಕಾಲಿಗೂ ಎತ್ತಣ ಸಂಬಂಧ ಎಂದು ನೀವು ನಗಬಹುದು. ನಾನೂ ನಕ್ಕವಳೇ. ಹೋದ ತಿಂಗಳು ಕಿವಿ ಡಾಕ್ಟರು "ಪಾದ ಜೋಡಿಸಿ, ಕಣ್ಣು ಮುಚ್ಕಂಡು ನಿಂತ್ಕಳಿ" ಎಂದು ಹೇಳಿ ಮಿಷನ್ ತೆಗೆಸಿದರು. ಹತ್ತು ಎಣಿಸುವುದರೊಳಗೆ ಅವರ ಮೇಜಿಗೆ ಆತುಕೊಂಡಿದ್ದೆ. ಆಮೇಲೆ ಮಿಷನ್ ಹಾಕಿಸಿ, ಮೂಲೆಯಲ್ಲಿ ಸುಯ್ಯೆನ್ನುವ ಸದ್ದೊಂದನ್ನು ಇಟ್ಟು ನಿಲ್ಲಿಸಿದರು. ಈ ಸಲ ಅಷ್ಟು ತೂಗಾಡಲಿಲ್ಲ. "ಕಣ್ಣು, ಕಾಲಿನ ಹಾಂಗೇ ಕಿವಿನೂ ಒಂಚೂರು ಆಧಾರ ಕೊಡ್ತದೆ. ಸದ್ದು ಒಂದೇ ಕಡೆ ಇರ್ಬೇಕು ಅಷ್ಟೆ." ಈ ಮಾತಿಗೆ ಫೀಸು ಕೊಟ್ಟು ಬಂದೆ. ಅಪ್ಪ ಪುಕ್ಕಟೆ ಹೇಳಿದಾಗ ಕೇಳಿರಲಿಲ್ಲ.

ದಾಸನಕೊಪ್ಪದ ನನ್ನ ತವರುಮನೆಗೆ ಹಂಚಿನ ಮಾಡು. ಮಳೆಗಾಲದ ಮುಂಚೆ ಒಡೆದ ಹಂಚು ತೆಗೆದು, ಜರುಗಿದ್ದನ್ನು ಸರಿಮಾಡಿ ಕೈಯಾಡಿಸುವುದು ಅಪ್ಪನದೇ ಕೆಲಸ. ಎತ್ತರದಲ್ಲಿ ಅವನಿಗೆ ತಲೆ ತಿರುಗುತ್ತಿತ್ತು. ಆದರೂ ಆಳು ಕರೆಯುವ ಜಾಯಮಾನ ಅವನದಲ್ಲ. ಏಣಿ ಹತ್ತುವ ಮುಂಚೆ ಅಂಗಳದ ಬೇವಿನ ಕಟ್ಟೆಯ ಮೇಲೆ ರೇಡಿಯೋ ಇಟ್ಟು, ದೊಡ್ಡದಾಗಿ ಹಚ್ಚಿ, "ಇದನ್ನ ಯಾರೂ ಮುಟ್ಟಬ್ಯಾಡ್ರಿ. ಇದು ಇಲ್ಲಿದ್ರ ನಾ ಅಲ್ಲಿ ನೆಟ್ಟಗ ನಿಲ್ತೀನಿ" ಎನ್ನುತ್ತಿದ್ದ. ಕೃಷಿ ಮಾತೋ, ಭಜನೆಯೋ, ಬರೀ ಗರಗರವೋ, ಎಲ್ಲ ಒಂದೇ ಅವನಿಗೆ. ಅವ್ವನೂ ನಾನೂ ಸೆರಗು ಬಾಯಿಗಿಟ್ಟು ನಗುತ್ತಿದ್ದೆವು.

ಒಂದು ವರ್ಷ ಅಪ್ಪ ಹಂಚಿಗೆ ಹತ್ತಿದ ದಿನ ಅವ್ವ ಊರಲ್ಲಿರಲಿಲ್ಲ. ನಾನು ಹಿತ್ತಲಲ್ಲಿ ಮೆಣಸಿನಕಾಯಿ ಹರವಬೇಕಿತ್ತು, ಅಷ್ಟರಲ್ಲಿ ರೇಡಿಯೋದಲ್ಲಿ ನನ್ನ ಇಷ್ಟದ ಹಾಡು ಬಂತು. ಬಂದ್ ಮಾಡದಿದ್ದರೆ ಸಾಕಲ್ಲ ಎಂಬುದು ನನ್ನ ಜಾಣತನ. ರೇಡಿಯೋವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಹಾಡೂ ನನ್ನ ಜೊತೆ ಮನೆ ಸುತ್ತಿತು.

ಮೇಲೆ ಹಂಚು ಚಟ್ಟೆಂದಿತು. ನೋಡುತ್ತೇನೆ, ಮಾಡಿನ ನೆತ್ತಿಯಲ್ಲಿ ಅಪ್ಪನ ಒಂದು ಕಾಲು ಮೊಣಕಾಲಿನ ತನಕ ಒಳಗೆ ಇಳಿದಿದೆ, ಎರಡೂ ಕೈ ಗಾಳಿಯಲ್ಲಿ ತಡಕಾಡುತ್ತಿವೆ. ರೇಡಿಯೋ ಕೈಜಾರಿ ಕಲ್ಲಿಗೆ ಬಿದ್ದು ಸುಮ್ಮನಾಯಿತು.

"ಎಲ್ಲದೀಯವ್ವಾ?"

"ಇಲ್ಲೇ, ಹಿತ್ತಲದಾಗ."

"ಕಟ್ಟೀ ಹತ್ರ ಹೋಗಿ ನಿಂದ್ರು. ಮಾತಾಡು."

"ಏನ್ ಮಾತಾಡ್ಲಿ ಅಪ್ಪಾ?"

"ಏನರೆ ಮಾತಾಡು! ನಿಲ್ಲಸಬ್ಯಾಡ!"

ಓಡಿಹೋಗಿ ನಿಂತೆ. ದಿನವಿಡೀ ವಟಗುಟ್ಟುವ ನನ್ನ ಬಾಯಿಗೆ ಆಗ ಬಂದದ್ದು ಮಗ್ಗಿ, ಅದೂ ಯಾವತ್ತೂ ಸರಿಯಾಗಿ ಬಾರದ ಹದಿನೇಳರದು. "ಹದಿನೇಳೊಂದ್ಲೆ ಹದಿನೇಳು..." ಅಪ್ಪ ನಿಧಾನ ಕಾಲು ಬಿಡಿಸಿಕೊಂಡ. ಹಂಚಿನ ಮೇಲೆ ರಕ್ತ ಇಳಿಯುತ್ತಿತ್ತು. "ಹದಿನೇಳ್ಮೂರ್ಲೆ ಐವತ್ತೊಂದು." ಏಣಿಯ ಕಡೆಗೆ ಒಂದು ಹೆಜ್ಜೆ. "ಹದಿನೇಳ್ನಾಲ್ಕ್ಲೆ ಅರವತ್ತಾರು."

"ಅರವತ್ತೆಂಟು," ಎಂದ ಮೇಲಿನಿಂದ.

ಮಗ್ಗಿ ಮುಗಿಯುವಷ್ಟರಲ್ಲಿ ನೆಲದ ಮೇಲಿದ್ದ. ಬೈಯಲಿಲ್ಲ. ಗಾಯಕ್ಕೆ ಅರಿಶಿನ ಒತ್ತುತ್ತ, "ಅಳಬ್ಯಾಡ, ರೇಡಿಯೋ ಬ್ಯಾರೇದು ಸಿಗತೈತಿ" ಅಂದ. ನಾನು ಅಳುತ್ತಿದ್ದುದು ರೇಡಿಯೋಕ್ಕೆ ಎಂದು ತಿಳಿದಿದ್ದನೋ, ತಿಳಿದಂತೆ ನಟಿಸಿದನೋ, ಈಗ ಕೇಳುವಂತಿಲ್ಲ. ಮದುವೆಯಾದ ಮೇಲೂ, ಅವನು ಹಂಚಿಗೆ ಹತ್ತುವ ದಿನ ಶಿರಸಿಯಿಂದ ಬಸ್ಸು ಹಿಡಿದು ಹೋಗಿ ಕಟ್ಟೆಯ ಮೇಲೆ ಕೂತು ಮಾತಾಡಿ ಬರುತ್ತಿದ್ದೆ.

ಮೊನ್ನೆ ಸ್ಟೂಲಿನ ಮೇಲೆ ಅಟ್ಟದ ಹಲಗೆ ಹಿಡಿದುಕೊಂಡು ನಿಂತೆ. ಕೆಳಗೆ ಬೇಳೆ ಕುದಿಯುತ್ತಿತ್ತೋ ಸೀಯುತ್ತಿತ್ತೋ ತಿಳಿಯಲಿಲ್ಲ. ಬಿದ್ದರೆ ಆ ಸದ್ದೂ ನನಗೆ ಕೇಳಿಸದು ಎಂಬ ಯೋಚನೆ ಬಂದು ಇನ್ನಷ್ಟು ಹೆದರಿದೆ. ಗಟ್ಟಿಯಾಗಿ ಮಗ್ಗಿ ಶುರುಮಾಡಿದೆ. ಸ್ವಂತ ದನಿ ತಲೆಯೊಳಗೆ ಮಂದವಾಗಿ ಕೇಳುತ್ತದೆ ನಿಜ, ಆದರೆ ಅದು ಕಂಕುಳಲ್ಲಿಟ್ಟುಕೊಂಡ ರೇಡಿಯೋ ಇದ್ದ ಹಾಗೆ, ನಾನು ತೂಗಾಡಿದರೆ ಅದೂ ತೂಗಾಡುತ್ತದೆ.

"ಹದಿನೇಳ್ನಾಲ್ಕ್ಲೆ ಅರವತ್ತಾರು," ಎಂದೆ, ಬೇಕೆಂದೇ. ಸ್ವಲ್ಪ ಹೊತ್ತು ಕಾದೆ.

ಆಮೇಲೆ ನಾನೇ "ಅರವತ್ತೆಂಟು" ಎಂದು ತಿದ್ದಿಕೊಂಡು, ಸಂಡಿಗೆ ಡಬ್ಬವನ್ನು ಅಲ್ಲೇ ಬಿಟ್ಟು, ಒಂದು ಕಾಲನ್ನು ನೆಲಕ್ಕಿಟ್ಟೆ.