ಸೋಪು ಉರುಳಿಸಿದ ಮಧ್ಯಾಹ್ನ

ಮಗಳು ಡಿಪ್ಲೊಮಾ ಮೊದಲ ವರ್ಷದಲ್ಲಿ ಡ್ರಾಯಿಂಗ್ ಒಂದರಲ್ಲೇ ಫೇಲಾದಳು. ಉಳಿದದ್ದೆಲ್ಲ ಪಾಸಾಗಿತ್ತಲ್ಲ, ಅಷ್ಟಕ್ಕೇ ಶಿವನಿಗೆ ಒಂದು ಬಿಲ್ವಪತ್ರೆ ಹೆಚ್ಚು ಏರಿಸಿದೆ. ಆದರೆ ಮರುಪರೀಕ್ಷೆಯಲ್ಲೂ ಹೋದರೆ ಒಂದು ವರ್ಷ ಮನೆಯಲ್ಲೇ ಕೂರಬೇಕಿತ್ತು.

ಮೂಡಲಪಾಳ್ಯದ ನಮ್ಮ ಪುಟ್ಟ ಮನೆಯಲ್ಲಿ ಅವಳ ಡ್ರಾಯಿಂಗ್ ಬೋರ್ಡಿಗೆ ಜಾಗವಿದ್ದದ್ದು ಮಂಚದ ಮೇಲೆ ಮಾತ್ರ. ವಸ್ತುವನ್ನು ಮೂಲೆಯಿಂದ ನೋಡಿದಂತೆ, ಮೂರು ಮುಖವೂ ಒಟ್ಟಿಗೆ ಕಾಣುವಂತೆ ಬರೆಯುವುದಕ್ಕೆ ಐಸೊಮೆಟ್ರಿಕ್ ಅನ್ನುತ್ತಾರಂತೆ. ಅದು ಅವಳಿಗೆ ಲೀಲಾಜಾಲ. ನನಗೂ ಅದೇ ಇಷ್ಟ; ಹಾಳೆಯಿಂದ ಕೈಗೆ ಎತ್ತಿಕೊಳ್ಳಬಹುದು ಅನ್ನಿಸುತ್ತಿತ್ತು. ಅವಳು ಸೋಲುತ್ತಿದ್ದದ್ದು ಇನ್ನೊಂದು ಬಗೆಯಲ್ಲಿ. ಅದರಲ್ಲಿ ಎದುರಿನ ನೋಟ, ಮೇಲಿನ ನೋಟ, ಪಕ್ಕದ ನೋಟ ಮೂರನ್ನೂ ಬಿಡಿಬಿಡಿಯಾಗಿ ಬರೆಯಬೇಕು. ಗೆರೆಗಳೆಲ್ಲ ಸರಿ, ಇಡುವ ಜಾಗ ತಪ್ಪು.

ಅದಕ್ಕೆ ಕಾರಣ ನಮ್ಮ ಯಜಮಾನರು. ಅವರು ಕಾಮಾಕ್ಷಿಪಾಳ್ಯದ ಲೇತ್ ಶಾಪಿನಲ್ಲಿದ್ದರು. ಅಲ್ಲಿಗೆ ಹೊರದೇಶದಿಂದ ಯಂತ್ರದ ಬಿಡಿಭಾಗಗಳ ನಕ್ಷೆಗಳು ಬರುತ್ತಿದ್ದವು. "ಮೇಲಿಂದು ಮೇಲೆ, ಬಲಗಡೇದು ಬಲಕ್ಕೆ. ಇದ್ರಲ್ಲಿ ಏನ್ ಕಷ್ಟ ಕಣೇ?" ಎಂದು ಮಗಳಿಗೆ ಹೆಮ್ಮೆಯಿಂದ ಹೇಳಿಕೊಟ್ಟಿದ್ದರು. ಕಾಲೇಜಿನಲ್ಲಿ ತದ್ವಿರುದ್ಧ. ಮೇಲಿನ ನೋಟ ಕೆಳಗೆ ಬರಬೇಕು, ಎಡಗಡೆಯದು ಬಲಕ್ಕೆ. ಕಾಲೇಜಿನ ಪದ್ಧತಿಗೆ ಫಸ್ಟ್ ಆಂಗಲ್ ಅಂತ ಹೆಸರು, ಇವರದಕ್ಕೆ ಥರ್ಡ್ ಆಂಗಲ್. ಗಾಬರಿಯಾದಾಗ ಮಗಳ ಕೈ ಅಪ್ಪ ಹೇಳಿದ ಕಡೆಗೇ ಹೋಗುತ್ತಿತ್ತು.

ಪರೀಕ್ಷೆಗೆ ನಾಲ್ಕು ದಿನವಿತ್ತು. ಮಧ್ಯಾಹ್ನ ನಾನು ಬಟ್ಟೆ ಒಗೆಯಲು ಹೊಸ ಸೋಪು ಬಿಚ್ಚುತ್ತಿದ್ದೆ. ಒಳಗೆ ಪೆನ್ಸಿಲ್ ಎಸೆದ ಸದ್ದಾಯಿತು.

"ಮೇಲಿಂದು ಕೆಳಗ್ಯಾಕೆ ಬರತ್ತೆ ಅಂತ ಕೇಳಿದ್ಯಾ?" ಅಂದೆ.

"ರೂಲ್ಸೇ ಹಂಗಮ್ಮಾ. ಬಾಯಿಪಾಠ ಮಾಡ್ಕೊಳಿ ಅಂತಾರೆ."

"ಮಂತ್ರಾನಾ, ಬಾಯಿಪಾಠ ಮಾಡಕ್ಕೆ? ತಾಳು."

ಈಳಿಗೆಮಣೆಯಲ್ಲಿ ಸೋಪಿನ ಒಂದು ಮೂಲೆಯನ್ನು ಮೆಟ್ಟಿಲಿನಂತೆ ಕತ್ತರಿಸಿದೆ. "ಅಯ್ಯೋ, ಹೊಸಾ ಸೋಪು!" ಎಂದು ಕೂಗಿದಳು. ಸೋಪಿನ ಎದುರು ಮುಖ ನಮ್ಮ ಕಣ್ಣಿಗೆ ಕಾಣುವಂತೆ, ಅದರ ಮೇಲ್ಭಾಗ ನನ್ನಿಂದ ಆಚೆಗಿರುವಂತೆ ಹಾಳೆಯ ನಡುವೆ ಮಲಗಿಸಿದೆ. ಬಲಕ್ಕೆ ಒಂದು ಸಲ ಉರುಳಿಸಿದೆ. ಎಡಗಡೆಯ ಮುಖ ಕಣ್ಣಿಗೆ ಬಂತು, ಬಿದ್ದದ್ದು ಹಾಳೆಯ ಬಲಕ್ಕೆ. ಮತ್ತೆ ಮೊದಲಿನ ಹಾಗಿಟ್ಟು ನನ್ನ ಕಡೆಗೆ ಉರುಳಿಸಿದೆ. ಈಗ ಮೇಲ್ಭಾಗ ಕಂಡಿತು. ಬಿದ್ದ ಜಾಗ ಹಾಳೆಯ ಕೆಳಭಾಗ.

ಮಗಳು ಸೋಪು ಕಿತ್ತುಕೊಂಡು ತಾನೂ ಉರುಳಿಸಿ ನೋಡಿದಳು. ಆಮೇಲೆ ಸೋಪಿನ ರಟ್ಟಿನ ಪೆಟ್ಟಿಗೆಯನ್ನೂ ಎಳೆದುಕೊಂಡಳು. ಅದರ ಮುಖಗಳ ಮೇಲೆ ಗುರುತು ಹಾಕಿ, ಎದುರು ಮುಖ ನಡುವೆ ಬರುವಂತೆ ಮಡಿಕೆಗಳನ್ನು ಬಿಡಿಸಿ ಹಾಸಿದಳು. ಮೇಲಿನದು ಮೇಲಕ್ಕೆ, ಬಲದ್ದು ಬಲಕ್ಕೆ ತೆರೆದುಕೊಂಡಿತು.

"ಅಮ್ಮಾ, ಅಪ್ಪಂದು ಡಬ್ಬ ಕಣೇ! ಕಾಲೇಜಿಂದು ಸೋಪು!"

ಸಂಜೆ ಯಜಮಾನರು ಚಪ್ಪಲಿ ಬಿಡುವ ಮೊದಲೇ ಅವರಿಗೂ ಪಾಠವಾಯಿತು. ಸೋಪನ್ನು ಎರಡು ಸಲ ಉರುಳಿಸಿ, ಡಬ್ಬವನ್ನೂ ಬಿಡಿಸಿ ನೋಡಿ, "ಹಂಗಾದ್ರೆ ನಾನ್ ಹೇಳಿದ್ದು ತಪ್ಪಲ್ಲ," ಅಂದರು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಮಗಳನ್ನು ಕೆಡಿಸಿದೆ ಎಂದು ಒಳಗೊಳಗೇ ಕೊರಗುತ್ತಿದ್ದರೆಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ರಬ್ಬರನ್ನು ಹಾಳೆಯ ಮೇಲೆ ಉರುಳಿಸಿ ನೋಡಿದಳಂತೆ. ಪಾಸಾದಳು. ಹೆಚ್ಚೇನೂ ಅಂಕವಿರಲಿಲ್ಲ, ಸಾಕಾಗುವಷ್ಟಿತ್ತು; ಅದೇ ಶಿವನ ಕೃಪೆ.

ಫಲಿತಾಂಶ ಬಂದ ದಿನ ಯಜಮಾನರು ದೇವರಿಗೆ ಕೈಮುಗಿದು, "ನಾನ್ ಹೇಳ್ಕೊಟ್ಟಿದ್ದು ಮರೆತಿದ್ದಕ್ಕೇ ಪಾಸಾದ್ಲು," ಎಂದು ನಕ್ಕರು.

"ಮರೆತಿಲ್ಲಪ್ಪಾ," ಅಂದಳು ಮಗಳು. "ನಾಳೆ ಶಾಪಿಂದ ಒಂದು ನಕ್ಷೆ ತಗೊಂಬನ್ನಿ. ಈಗ ಓದಕ್ ಬರತ್ತೆ ನಂಗೆ."